ಹೂವಿನಲ್ಲಿ ಕಂಡ ಶಿಲುಬೆ

ಅಮೆರಿಕದ ಪೂರ್ವಭಾಗದ ವರ್ಜೀನಿಯಾ, ಉತ್ತರ ಕ್ಯಾರೊಲಿನಾ ಮೊದಲಾದ ಸಂಸ್ಥಾನಗಳಲ್ಲಿ ಏಪ್ರಿಲ್ ತಿಂಗಳು ಅಡಿಯಿಡುವ ವೇಳೆಗೆ, ಓಕ್, ಹಿಕರಿ ಮುಂತಾದ ಮಹಾವೃಕ್ಷಗಳು ಇನ್ನೂ ಚಳಿಗಾಲದ ಬೋಳುತನದಲ್ಲಿಯೇ ನಿಂತಿರುವಾಗ, ಅವುಗಳ ಬುಡದ ಅರೆನೆರಳಿನಲ್ಲಿ, ಹತ್ತು ಮೀಟರಿಗೆ ಮೀರಿ ಬೆಳೆಯುವುದು ಅಪರೂಪವಾದ ಒಂದು ಕಿರುಮರವು, ಎಲೆಯೊಡೆಯುವುದಕ್ಕೆ ಮೊದಲೇ, ಅಡ್ಡಡ್ಡಲಾಗಿ ಚಾಚಿದ ತನ್ನ ಕೊಂಬೆಗಳ ಮೇಲೆಲ್ಲ ಬಿಳಿಯ ಹೂಗಳನ್ನು ಹಾಸಿಕೊಂಡು ಕಾಡಿನ ಒಡಲನ್ನು ಬೆಳಗುತ್ತದೆ. ಇದೇ ಡಾಗ್‌ವುಡ್, 1753ರಲ್ಲಿ ಲಿನೇಯಸನು ಕಾರ್ನಸ್ ಫ್ಲಾರಿಡಾ ಎಂದು ಹೆಸರಿಟ್ಟ ಸಸ್ಯ. ಕಾಡಿನಿಂದ ಅದು ತೋಟಕ್ಕೆ ಬಂದು ಬಹುಕಾಲವಾಯಿತು: ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ನಿನ ಭೂಮಿಯಲ್ಲಿಯೂ ಜೆಫರ್ಸನ್ ತನ್ನ ಮಾಂಟಿಚೆಲ್ಲೊದಲ್ಲಿಯೂ ಅದನ್ನು ನೆಡಿಸಿದರು, ವರ್ಜೀನಿಯಾ 1918ರಲ್ಲಿ, ಉತ್ತರ ಕ್ಯಾರೊಲಿನಾ 1941ರಲ್ಲಿ ಅದನ್ನು ತಮ್ಮ ಸಂಸ್ಥಾನಪುಷ್ಪವಾಗಿ ಸ್ವೀಕರಿಸಿದುವು. ಇಂದು ಆ ಪ್ರಾಂತದ ಮನೆಯಂಗಳಗಳಲ್ಲಿ, ಇಗರ್ಜಿಗಳ ಪ್ರಾಕಾರಗಳಲ್ಲಿ, ಸಮಾಧಿಸ್ಥಾನಗಳ ಅಂಚಿನಲ್ಲಿ, ಎಲ್ಲೆಲ್ಲಿಯೂ ಅದು ಉಂಟು.

ಆ ಮರವನ್ನು ಕುರಿತು ಅಲ್ಲಿಯ ಜನ ಹೇಳಿಕೊಳ್ಳುವ ಕಥೆಯೊಂದಿದೆ. ಯೇಸುವಿನ ಕಾಲದಲ್ಲಿ ಡಾಗ್‌ವುಡ್ ಓಕಿನಷ್ಟೇ ದೊಡ್ಡದಾಗಿ, ಗಟ್ಟಿಯಾಗಿ ಬೆಳೆಯುತ್ತಿತ್ತಂತೆ. ಆ ಗಟ್ಟಿತನದ ಕಾರಣದಿಂದಲೇ ಶಿಲುಬೆಯನ್ನು ಮಾಡಲು ಅದನ್ನು ಆರಿಸಿದರಂತೆ. ಇಂಥ ಕ್ರೌರ್ಯಕ್ಕೆ ತಾನು ಸಾಧನವಾಗಬೇಕಾಯಿತಲ್ಲಾ ಎಂದು ಮರ ದುಃಖಿಸಿದಾಗ, ಮೊಳೆಹೊಡೆಯಿಸಿಕೊಂಡವನು ಅದರ ಮೇಲೆ ಕನಿಕರಗೊಂಡು, ಇನ್ನು ಮುಂದೆ ನೀನು ಯಾರನ್ನೂ ತೂಗುಹಾಕಲಾರದಷ್ಟು ಸಪುರವಾಗಿ ಬಾಗಿ ಬೆಳೆಯುವೆ, ನಿನ್ನ ಹೂ ಶಿಲುಬೆಯ ಆಕಾರ ತಾಳುವುದು ಎಂದು ವರವಿತ್ತನಂತೆ. ಅದಕ್ಕೆ ಸಾಕ್ಷಿಯಾಗಿ ಹೂವನ್ನೇ ತೋರಿಸುವರು. ಎದುರುಬದುರಾದ ಎರಡು ಜೊತೆ ಎಸಳು ಶಿಲುಬೆಯ ಭುಜಗಳು. ಪ್ರತಿಯೊಂದು ಎಸಳಿನ ತುದಿಯಲ್ಲಿಯೂ ಕಂದುಗೆಂಪು ಬಣ್ಣಕ್ಕೆ ತಿರುಗಿದ ಕಚ್ಚು, ಅದು ಮೊಳೆಯ ಗಾಯ. ನಡುವಣ ಕಿರುಗೊಂಚಲು ಮುಳ್ಳಿನ ಕಿರೀಟ. ಮಾಗಿಯ ಹೊತ್ತಿಗೆ ಕೆಂಪಾಗುವ ಹಣ್ಣು ರಕ್ತದ ಹನಿ. ಹೂ ಅರಳುವ ಕಾಲವೂ ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ಬೀಳುವುದರಿಂದ, ಹಬ್ಬದ ಪ್ರಾರ್ಥನೆ ಮುಗಿಸಿ ಬಂದವರಿಗೆ ತಮ್ಮ ಅಂಗಳದಲ್ಲಿಯೇ ಆ ವೃತ್ತಾಂತ ಮತ್ತೊಮ್ಮೆ ನಡೆದಂತಾಗುತ್ತದೆ.

ಕಥೆಯನ್ನು ಇತಿಹಾಸವೆಂದು ಎತ್ತಿಕೊಂಡರೆ ಅದು ಒಂದು ಕ್ಷಣವೂ ನಿಲ್ಲಲಾರದು. ಬೈಬಲ್ಲಿನಲ್ಲಿ ಈ ಮರದ ಪ್ರಸ್ತಾಪವಿಲ್ಲ. ಯೆರೂಸಲೇಮಿನ ಸೀಮೆಯಲ್ಲಿ ಈ ಜಾತಿ ಬೆಳೆಯುವುದಿಲ್ಲ. ಅಟ್ಲಾಂಟಿಕ್ ಸಾಗರದ ಆಚೆಯ ಈ ಗಿಡವನ್ನು ರೋಮನ್ ಸೈನಿಕರು ಕಂಡಿರುವುದು ಸಾಧ್ಯವೇ ಇಲ್ಲ. ಕಥೆಯೂ ಪ್ರಾಚೀನವಾದದ್ದಲ್ಲ, 20ನೆಯ ಶತಮಾನದಲ್ಲಿ ಅಂಚೆಕಾರ್ಡುಗಳ ಮೇಲೆ ಅಚ್ಚಾಗಿ ಊರಿಂದೂರಿಗೆ ಹಬ್ಬಿದ್ದು. ಆದರೂ ಇದರ ಹಿಂದೆ ಹಳೆಯದಾದ ಒಂದು ಮನೋಧರ್ಮವಿದೆ. ಯೂರೋಪಿನ ಹಳ್ಳಿಗರು ಆಸ್ಪೆನ್ ಮರದ ಎಲೆ ಸದಾ ನಡುಗುವುದನ್ನು ಕಂಡು, ಶಿಲುಬೆಯ ತೊಲೆಯಾದ ಭಯದಿಂದ ಅದು ಇಂದಿಗೂ ನಡುಗುತ್ತಿದೆ ಎಂದರು. 15ನೆಯ ಶತಮಾನದಲ್ಲಿ ಪಿಯೆರೊ ದೆಲ್ಲ ಫ್ರಾಂಚೆಸ್ಕ ಎಂಬ ಚಿತ್ರಕಾರನು ಇಟಲಿಯ ಅರೆತ್ಸೊ ನಗರದ ಇಗರ್ಜಿಯ ಭಿತ್ತಿಗಳ ಮೇಲೆ ಬಿಡಿಸಿದ ಕಥೆಯಲ್ಲಿ ಶಿಲುಬೆಯ ಮರ ಆದಿಪುರುಷ ಆದಮನ ಗೋರಿಯ ಮೇಲೆಯೇ ಮೊಳೆತದ್ದು. ದುಃಖವೊಂದು ತೀರ ದೊಡ್ಡದಾದಾಗ ಮನುಷ್ಯನೊಬ್ಬನ ಎದೆಯಲ್ಲಿ ಅದು ಹಿಡಿಸಲಾರದೆಂದೂ, ಮರಗಿಡಗಳೂ ಅದರಲ್ಲಿ ಪಾಲುಗೊಳ್ಳಲೇಬೇಕೆಂದೂ ನಂಬುವ ಮನೋಧರ್ಮ ಅದು. ಕಥೆ ಸುಳ್ಳೆಂದು ತೋರಿಸಿಕೊಟ್ಟ ಮಾತ್ರಕ್ಕೆ ಆ ಮನೋಧರ್ಮದ ವಿಚಾರ ಮುಗಿಯುವುದಿಲ್ಲ. ಒಂದು ಹೂವಿನಲ್ಲಿ ದೇವರ ವೃತ್ತಾಂತವನ್ನು ಕಾಣುವವನು ಕಾಣುತ್ತಿರುವುದೇನನ್ನು? ಹೂವಿನಲ್ಲಿ ಇರುವುದನ್ನೋ, ತನ್ನಲ್ಲಿರುವುದನ್ನೋ? ತನ್ನಲ್ಲಿರುವುದನ್ನು ಮಾತ್ರವೇ ಆದರೆ, ಅದು ಭ್ರಾಂತಿಯೋ, ಉಪಾಸನೆಯೋ?

ಪ್ರಶ್ನೆಗೆ ಹೋಗುವ ಮೊದಲು ಹೂವನ್ನೇ ಇನ್ನಷ್ಟು ಹತ್ತಿರದಿಂದ ನೋಡತಕ್ಕದ್ದಿದೆ. ನಾವು ಎಸಳುಗಳೆಂದು ಭ್ರಮಿಸುವ ಆ ನಾಲ್ಕು ಬಿಳಿಯ ಹಾಳೆಗಳು ನಿಜಕ್ಕೂ ಎಸಳುಗಳಲ್ಲ. ಅವು ಹೂಗೊಂಚಲಿನ ಬುಡದಲ್ಲಿ ಹುಟ್ಟುವ, ರೂಪಾಂತರ ಹೊಂದಿದ ಎಲೆಗಳು. ಬೆಂಗಳೂರಿನ ಬೇಲಿಗಳ ಮೇಲೆ ಹಬ್ಬುವ ಕಾಗದದ ಹೂವಿನಲ್ಲಿ ಕೆನ್ನೀಲಿಯಾಗಿ ಕಾಣುವ ಭಾಗವೂ ಇಂಥದೇ ಎಲೆಯೆಂಬುದನ್ನು ನಮ್ಮವರು ನೆನೆಯಬಹುದು. ಡಾಗ್‌ವುಡ್ಡಿನ ನಿಜವಾದ ಹೂಗಳು ನಡುವೆ ಒತ್ತೊತ್ತಾಗಿ ಕುಳಿತಿರುವ, ಕೆಲವೇ ಮಿಲಿಮೀಟರು ಅಗಲದ, ಹಸುರುಮಿಶ್ರಿತ ಹಳದಿಯ ಇಪ್ಪತ್ತರ ಆಸುಪಾಸಿನ ಬಿಡಿಹೂಗಳು. ಜನ ಮುಳ್ಳಿನ ಕಿರೀಟವೆಂದು ಬಗೆದದ್ದು ಅವನ್ನೇ. ಆ ಬಿಡಿಹೂಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕೇ ಎಸಳು. ಶಿಲುಬೆಯನ್ನು ಅರಸಿ ಬಂದ ಭಕ್ತನ ಕಣ್ಣು ಹೊರಗಣ ದೊಡ್ಡ ಆಕೃತಿಯಲ್ಲಿಯೇ ತೃಪ್ತಿಗೊಂಡು, ಒಳಗೆ ಅದೇ ಆಕೃತಿ ಇಪ್ಪತ್ತು ಬಾರಿ ಪುನರಾವೃತ್ತಿಯಾಗಿರುವುದನ್ನು ಗಮನಿಸದೆಯೇ ಹಿಂದಿರುಗಿತೆಂಬುದು ನನಗೆ ಆಶ್ಚರ್ಯವಾಗಿ ತೋರುತ್ತದೆ.

ಎಸಳಿನ ತುದಿಯ ಆ ಕಚ್ಚಿಗೂ ಅದರದೇ ಆದ ಚರಿತ್ರೆಯಿದೆ. ಮರುವರ್ಷದ ಹೂಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ಸಿದ್ಧವಾಗಿ, ಅಂಗಿಯ ಗುಂಡಿಯಷ್ಟು ಗಾತ್ರದಲ್ಲಿ ಕೊಂಬೆಯ ತುದಿಯನ್ನು ಹಿಡಿದುಕೊಂಡು ಚಳಿಗಾಲವನ್ನು ಕಳೆಯುತ್ತದೆ. ಆಗ ಹಿಮಕ್ಕೂ ಗಾಳಿಗೂ ಎದುರಾಗಿ ಆ ಮೊಗ್ಗನ್ನು ಸುತ್ತಿ ಮುಚ್ಚಿರುವ ಹೊದಿಕೆ ಬೇರೆ ಯಾವುದೂ ಅಲ್ಲ, ಈ ನಾಲ್ಕು ಎಲೆಗಳೇ. ತಿಂಗಳುಗಟ್ಟಲೆ ಹೊರಮೈಯಾಗಿ ನಿಂತು ಅವುಗಳ ತುದಿ ಒರಟಾಗಿ ಕಂದಿ ಬೆಳವಣಿಗೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಸಂತದಲ್ಲಿ ಎಲೆ ಬುಡದಿಂದ ಹಿಗ್ಗಿ ಅಗಲವಾಗಿ ಬೆಳ್ಳಗಾಗುವಾಗ ಉಳಿದ ಭಾಗವೆಲ್ಲ ಮುಂದಕ್ಕೆ ಬೆಳೆಯುತ್ತದೆ, ತುದಿ ಮಾತ್ರ ಬೆಳೆಯದೆ ಹಿಂದುಳಿಯುತ್ತದೆ. ಆ ಹಿಂದುಳಿದ ತುದಿಯೇ ಕಚ್ಚು. ಅದು ಮೊಳೆಯ ಗುರುತಲ್ಲ, ಚಳಿಗಾಲದ ಗುರುತು. ಜಪಾನ್, ಕೊರಿಯಾ, ಚೀನಾಗಳ ಕೌಸಾ ಡಾಗ್‌ವುಡ್ಡಿನಲ್ಲಿ ಆ ಎಲೆಗಳ ತುದಿ ಚೂಪಾಗಿರುತ್ತದೆ, ಅದರಲ್ಲಿ ಗಾಯವನ್ನು ಓದಲು ಬಾರದು. ಅಮೆರಿಕದ್ದೇ ಪಶ್ಚಿಮತೀರದಲ್ಲಿ ಬೆಳೆಯುವ ಇನ್ನೊಂದು ಡಾಗ್‌ವುಡ್ಡಿಗೆ ಐದೋ ಆರೋ ಬಿಳಿಯ ಎಲೆಗಳಿರುವುದು ಸಾಮಾನ್ಯ, ಅದರಲ್ಲಿ ಶಿಲುಬೆಯೇ ಮೂಡದು.

ಒಂದು ವಸ್ತುವಿನಲ್ಲಿ ಅದಲ್ಲದ ಇನ್ನೊಂದರ ಧರ್ಮವನ್ನು ಹೊರಿಸಿ ಕಾಣುವುದಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಉಪೋದ್ಘಾತದಲ್ಲಿಯೇ ಅಧ್ಯಾಸವೆಂಬ ಹೆಸರನ್ನು ಹೇಳಿ, ಸಕಲ ಸಂಸಾರದುಃಖಕ್ಕೂ ಅದನ್ನೇ ಮೂಲವಾಗಿ ಎಣಿಸಿದರು. ಚಳಿಗಾಲದ ಗುರುತಿನಲ್ಲಿ ಮೊಳೆಯ ಗುರುತನ್ನು ಕಾಣುವವನು ಮಾಡುವುದು ಅಧ್ಯಾಸವನ್ನೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಆಚಾರ್ಯರು ಅದೇ ಭಾಷ್ಯದಲ್ಲಿ ಇನ್ನೊಂದು ಬಗೆಯ ಆರೋಪಕ್ಕೆ ಅವಕಾಶವಿತ್ತಿರುವುದನ್ನು ಮರೆಯಬಾರದು. ಅತ್ಯಂತ ಸೂಕ್ಷ್ಮವೂ ಸರ್ವಗತವೂ ಆದ ಪರಮಾತ್ಮನನ್ನು ಹೃದಯದಂಥ ಅಲ್ಪಸ್ಥಾನದಲ್ಲಿ ಧ್ಯಾನಿಸಬಹುದೇ ಎಂಬ ಪ್ರಶ್ನೆ ಬಂದಾಗ ಅವರು ಕೊಡುವ ದೃಷ್ಟಾಂತ ಸಾಲಗ್ರಾಮದಲ್ಲಿ ಹರಿಯನ್ನು ಕಾಣುವುದು. ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಪ್ರತೀಕೋಪಾಸನೆಯ ವಿಚಾರ ಬಂದಾಗ, ಕೆಳಗಿನದನ್ನು ಮೇಲಿನದೆಂದು ಭಾವಿಸುವುದು ಶ್ರೇಯಸ್ಸೆಂದೂ ಮೇಲಿನದನ್ನು ಕೆಳಗಿನದೆಂದು ಭಾವಿಸುವುದು ಅನರ್ಥವೆಂದೂ ಹೇಳಿ, ಸಾರಥಿಯನ್ನು ರಾಜನೆಂದು ಕಂಡು ಗೌರವಿಸಿದರೆ ಒಳಿತಾಗುವುದು, ರಾಜನನ್ನೇ ಸಾರಥಿಯೆಂದು ಕಂಡು ಇಳಿಸಿದರೆ ಕೇಡಾಗುವುದು ಎಂಬ ಲೋಕದ ನಡೆಯನ್ನು ತೋರಿಸುವರು. ಹಗ್ಗವನ್ನು ಹಾವೆಂದು ತಿಳಿದು ಓಡುವವನಿಗೆ ತಾನು ಆರೋಪಿಸುತ್ತಿರುವೆನೆಂಬ ಅರಿವಿಲ್ಲ. ಸಾಲಗ್ರಾಮದ ಮುಂದೆ ಕೈಮುಗಿಯುವವನಿಗೆ ಆ ಅರಿವುಂಟು. ಗಂಡಕೀ ನದಿಯ ಆ ಕರಿಗಲ್ಲಿನೊಳಗಿನ ಚಕ್ರ, ಹದಿನಾಲ್ಕು ಹದಿನೈದು ಕೋಟಿ ವರ್ಷಗಳ ಹಿಂದೆ ಹಿಮಾಲಯವಿನ್ನೂ ಎದ್ದಿರದ ಕಾಲದ ಸಮುದ್ರದಲ್ಲಿ ಬದುಕಿದ್ದ ಆಮೊನೈಟ್ ಎಂಬ ಚಿಪ್ಪುಜೀವಿಯ ಅಚ್ಚು ಎಂದು ಭೂವಿಜ್ಞಾನಿ ತಿಳಿಸಿದರೆ, ಅರಿತು ಪೂಜಿಸುವವನ ಪೂಜೆಗೆ ಬರುವ ಕೊರತೆ ಏನೂ ಇಲ್ಲ. ಕಲ್ಲು ಕಲ್ಲೇ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅದು ಇಂಥ ಕಲ್ಲು ಎಂಬುದು ಈಗ ಗೊತ್ತಾಯಿತು.

ಹೂವುಗಳ ವಿಷಯದಲ್ಲಿ ನಮ್ಮ ನಾಡಿನವರೂ ಈ ಕಾರ್ಯವನ್ನು ಮಾಡದೆ ಬಿಟ್ಟಿಲ್ಲ. ದಕ್ಷಿಣ ಅಮೆರಿಕದಿಂದ ಸಾಗರವನ್ನು ದಾಟಿ ಬಂದ ಮರವೊಂದರ ಹೂವಿನಲ್ಲಿ, ಬಾಗಿದ ಕೇಸರಗಳ ಗೊಂಚಲು ಹೆಡೆಯಂತೆಯೂ, ಅದರ ಕೆಳಗಿನ ಉಬ್ಬು ಲಿಂಗದಂತೆಯೂ ತೋರಿದ್ದರಿಂದ, ಅದು ನಾಗಲಿಂಗಪುಷ್ಪವಾಗಿ ಶಿವಾಲಯದ ಅಂಗಳವನ್ನು ಸೇರಿತು. ಆ ಹೆಡೆಯ ಕೇಸರಗಳು ಜೇನುಹುಳುಗಳಿಗೆ ಆಹಾರವಾಗತಕ್ಕ ಪರಾಗವನ್ನು ಹೊತ್ತವೆಂಬುದು ಅರ್ಚಕರಿಗೆ ಬೇಕಾಗಲಿಲ್ಲ. ಇದಕ್ಕಿಂತಲೂ ವಿಚಾರಾರ್ಹವಾದುದು ಕೃಷ್ಣಕಮಲದ ಕಥೆ. ಅದೂ ಅಮೆರಿಕ ಖಂಡದ್ದೇ ಬಳ್ಳಿ. ಸ್ಪೇನಿನ ಧರ್ಮಪ್ರಚಾರಕರು ಅದರ ಸುತ್ತಣ ತಂತುಗಳಲ್ಲಿ ಮುಳ್ಳಿನ ಕಿರೀಟವನ್ನೂ, ಐದು ಪರಾಗಕೋಶಗಳಲ್ಲಿ ಐದು ಗಾಯಗಳನ್ನೂ, ಮೂರು ಶಲಾಕಾಗ್ರಗಳಲ್ಲಿ ಮೂರು ಮೊಳೆಗಳನ್ನೂ ಕಂಡರು. 17ನೆಯ ಶತಮಾನದ ಆದಿಯಲ್ಲಿ ರೋಮಿನ ಯಾಕೊಮೊ ಬೋಸಿಯೊ ಎಂಬ ವಿದ್ವಾಂಸನು ಶಿಲುಬೆಯನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ದೊಡ್ಡ ಅದ್ಭುತವಾಗಿ ವರ್ಣಿಸಿದನು. ಅದೇ ಬಳ್ಳಿ ಭಾರತದ ಹಿತ್ತಿಲುಗಳಲ್ಲಿ ಹಬ್ಬಿದಾಗ, ಅವೇ ತಂತುಗಳು ನೂರು ಮಂದಿ ಕೌರವರಾದುವು, ಅವೇ ಪರಾಗಕೋಶಗಳು ಪಾಂಡವರಾದುವು, ಮೇಲಿನ ಮೂರು ಶಲಾಕಾಗ್ರಗಳು ತ್ರಿಮೂರ್ತಿಗಳಾದುವು. ಒಂದೇ ಹೂ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಗುಡ್ಡವೂ ಆಯಿತು, ಕುರುಕ್ಷೇತ್ರವೂ ಆಯಿತು.

ಸಂಶಯವಾದಿ ಇಲ್ಲಿ ಗೆದ್ದೆನೆಂದು ಹೇಳುವುದು ಸಹಜ: ಎರಡರ ಅರ್ಥವೂ ಒಂದರಲ್ಲಿ ಸಿಕ್ಕುವುದಾದರೆ ಒಂದರ ಅರ್ಥವೂ ಅದರಲ್ಲಿ ಇಲ್ಲ. ಅವನ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ದೇವರು ತನ್ನ ಚರಿತ್ರೆಯನ್ನು ಹೂವಿನಲ್ಲಿ ಬರೆದು ಲೋಕಕ್ಕೆ ಪ್ರಮಾಣವಾಗಿ ಕಳುಹಿಸಿದನೆಂಬ ವಾದಕ್ಕೆ ಕೃಷ್ಣಕಮಲ ಮೃತ್ಯುಪ್ರಾಯವಾದ ಪೆಟ್ಟು. ಆದರೆ ಪ್ರಮಾಣ ಬೇರೆ, ಸ್ಮರಣ ಬೇರೆ. ಮಗನನ್ನು ಕಳೆದುಕೊಂಡ ತಾಯಿ ಅವನು ಓದುತ್ತಿದ್ದ ಮೇಜಿನ ಮುಂದೆ ನಿಂತು ಕಣ್ಣೊರೆಸಿಕೊಂಡರೆ, ಮೇಜು ಯಾವುದಕ್ಕೂ ಪ್ರಮಾಣವಲ್ಲವೆಂದು ಆಕೆಗೆ ಯಾರೂ ತರ್ಕ ಹೇಳಬೇಕಾಗಿಲ್ಲ. ಆಕೆ ಅದರಿಂದ ಏನನ್ನೂ ಸಾಧಿಸುತ್ತಿಲ್ಲ, ನೆನೆಯುತ್ತಿದ್ದಾಳೆ. ಈಸ್ಟರ್ ಹಬ್ಬದ ಬೆಳಗ್ಗೆ ಅಂಗಳದ ಹೂವಿನಲ್ಲಿ ಗಾಯವನ್ನು ಕಂಡು ಒಂದು ಗಳಿಗೆ ತಲೆಬಾಗಿದ ಮುದುಕಿಗೂ ಹೂ ಬೇಕಾದದ್ದು ಸಾಕ್ಷಿಗಾಗಿ ಅಲ್ಲ.

ಆದರೂ ಇಲ್ಲಿಗೆ ಸಮಾಧಾನವಾಗುವುದಿಲ್ಲ. ಎಲ್ಲ ಅರ್ಥವೂ ನೋಡುವವನದೇ, ಹೂ ಬರಿಯ ನೆವ ಎಂದುಬಿಟ್ಟರೆ ಹೂವಿಗೆ ಅನ್ಯಾಯವಾಯಿತೆಂದು ಮನಸ್ಸು ಒಳಗೇ ಪ್ರತಿಭಟಿಸುತ್ತದೆ. 18ನೆಯ ಶತಮಾನದಲ್ಲಿ ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್ನಿನಲ್ಲಿ ಪಾದ್ರಿಯಾಗಿದ್ದ ಜೊನಾಥನ್ ಎಡ್ವರ್ಡ್ಸ್ ಎಂಬ ಮಹಾಮೇಧಾವಿ, ತಾನು ಬದುಕಿರುವತನಕ ಅಚ್ಚಿಗೆ ಕೊಡದ, 1948ರಲ್ಲಿ ಮಾತ್ರವೇ ಪುಸ್ತಕವಾಗಿ ಹೊರಬಂದ ಒಂದು ಟಿಪ್ಪಣಿಯಲ್ಲಿ, ರೇಷ್ಮೆಹುಳು, ಮುಳ್ಳಿನ ಮೇಲಣ ಗುಲಾಬಿ, ಹೊಳೆಯ ಹರಿವು ಎಲ್ಲವನ್ನೂ ದೈವಿಕ ವಸ್ತುಗಳ ಛಾಯೆಗಳಾಗಿ ಪಟ್ಟಿಮಾಡುತ್ತ ಹೋದನು. ಸಾದೃಶ್ಯವನ್ನು ನಾವು ಕಲ್ಪಿಸುವುದಲ್ಲ, ಸೃಷ್ಟಿಸಿದವನೇ ಹಾಗೆ ಸೃಷ್ಟಿಸಿದ್ದಾನೆ ಎಂಬುದು ಅವನ ದೃಢವಾದ ನಿಲುವು. ಅವನು ತೀರಿಕೊಂಡ ಸುಮಾರು ಮೂವತ್ತು ವರ್ಷಗಳ ಮೇಲೆ, 1790ರಲ್ಲಿ, ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ತನ್ನ ಮೂರನೆಯ ವಿಮರ್ಶಾಗ್ರಂಥದಲ್ಲಿ ಹೂಗಳನ್ನು ಸ್ವತಂತ್ರಸೌಂದರ್ಯಕ್ಕೆ ಉದಾಹರಣೆಯಾಗಿ ಎತ್ತಿಕೊಂಡು, ಅದು ಯಾತಕ್ಕಾಗಿ ಇದೆಯೆಂಬ ವಿಚಾರವನ್ನು ಬದಿಗಿಟ್ಟಾಗಲೇ ಅದರ ಚೆಲುವು ನಿರ್ಮಲವಾಗಿ ತೋರುವುದೆಂದನು. ಒಬ್ಬನು ಹೂವಿನ ತುಂಬ ಅರ್ಥವನ್ನು ತುಂಬಿದನು. ಇನ್ನೊಬ್ಬನು ಅರ್ಥವೆಲ್ಲವನ್ನೂ ಅದರಿಂದ ತೆಗೆದು ಆಕಾರವನ್ನು ಮಾತ್ರ ಉಳಿಸಿದನು.

ಇಬ್ಬರೂ ವಿಚಾರಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯನ್ನು ಡಾಗ್‌ವುಡ್ಡಿನ ಬಿಳಿಯ ಎಲೆ ನಮ್ಮ ಮುಂದೆ ಹಿಡಿಯುತ್ತದೆ. ಎಲೆಯಾದದ್ದು ಹಸುರಾಗಿ ಉಳಿಯದೆ ಏಕೆ ಬೆಳ್ಳಗಾಯಿತು? ನಡುವಣ ನಿಜಹೂಗಳು ದೂರಕ್ಕೆ ಕಾಣಿಸದಷ್ಟು ಸಣ್ಣವು; ಕಾಡಿನ ಮಬ್ಬಿನಲ್ಲಿ ಹಾರುವ ಸಣ್ಣ ಜೇನುಗಳಿಗೂ ನೊಣಗಳಿಗೂ ದುಂಬಿಗಳಿಗೂ ಅವು ಇರುವ ತಾಣವನ್ನು ಯಾರಾದರೂ ತೋರಿಸಿಕೊಡಬೇಕು; ಆ ಕೆಲಸವನ್ನು ಚಳಿಗಾಲವೆಲ್ಲ ಕಾವಲುಗಾರನಾಗಿದ್ದ ಎಲೆಯೇ ವಸಂತದಲ್ಲಿ ವಹಿಸಿಕೊಳ್ಳುತ್ತದೆ. ಎಂದರೆ ಆ ಬಿಳುಪು ಮೊದಲಿನಿಂದಲೂ ಒಂದು ಸಂಕೇತವೇ. ನೋಡುವ ಕಣ್ಣೊಂದನ್ನು ಉದ್ದೇಶಿಸಿಯೇ ಹುಟ್ಟಿದ್ದು. ಮನುಷ್ಯನು ಹೂವಿನ ಮುಂದೆ ಬಂದು ನಿಲ್ಲುವುದಕ್ಕೆ ಎಷ್ಟೋ ಯುಗಗಳ ಮೊದಲೇ ಅಲ್ಲಿ ಒಂದು ಕರೆ, ಒಂದು ಓಗೊಡುವಿಕೆ ನಡೆದಿತ್ತು. ಆದುದರಿಂದ ಪ್ರಕೃತಿ ಅರ್ಥಶೂನ್ಯವಾದ ಬಿಳಿಯ ಹಾಳೆ, ಅದರ ಮೇಲೆ ಮೊದಲು ಬರೆದವನು ಮನುಷ್ಯ ಎಂಬುದು ಸತ್ಯವಲ್ಲ. ಬೇರೆಯವರಿಗೆ ಬರೆದ ಓಲೆಯನ್ನು ನಾವು ಮಧ್ಯದಲ್ಲಿ ತೆರೆದಿದ್ದೇವೆ ಎಂಬುದೇ ಸತ್ಯಕ್ಕೆ ಹತ್ತಿರವಾದುದು. ಹಾಗಿರುವಲ್ಲಿ ಓದುವ ಹಕ್ಕು ನಮಗೆ ಇಲ್ಲವೆಂದು ನಾನು ಹೇಳಲಾರೆ; ಆದರೆ ಓದಿಗೆ ಒಂದು ಮರ್ಯಾದೆ ಇರಬೇಕೆಂದು ಮಾತ್ರ ಹೇಳುವೆ. ಆ ಮರ್ಯಾದೆ ತಪ್ಪಿದರೆ ಏನಾಗುವುದೆಂಬುದಕ್ಕೆ ಇದೇ ಮರದ ಚರಿತ್ರೆಯಲ್ಲಿ ಉದಾಹರಣೆಯುಂಟು. ಅದನ್ನು ಬರೆಯಲು ಕೈ ಹಿಂಜರಿಯುತ್ತದೆ, ಬರೆಯದೆ ಬಿಟ್ಟರೆ ಈ ವಿಚಾರ ಹುಸಿಯಾಗುತ್ತದೆ.

1908ರ ಜೂನ್ ತಿಂಗಳಲ್ಲಿ ಟೆಕ್ಸಸ್ ಸಂಸ್ಥಾನದ ಸಬೀನ್ ಕೌಂಟಿಯಲ್ಲಿ ಬಿಳಿಯರ ಗುಂಪೊಂದು, ನ್ಯಾಯಾಲಯದ ವಿಚಾರಣೆಯನ್ನು ಕಾಯದೆ, ಐದು ಮಂದಿ ಕಪ್ಪುಜನರನ್ನು ಒಂದೇ ಮರಕ್ಕೆ ನೇಣುಹಾಕಿತು. ಆ ಮರ ಡಾಗ್‌ವುಡ್. ಶವಗಳು ತೂಗುತ್ತಿರುವ ಛಾಯಾಚಿತ್ರವನ್ನು ತೆಗೆದು, ಅದನ್ನು ಅಂಚೆಕಾರ್ಡಾಗಿ ಅಚ್ಚುಹಾಕಿಸಿ ಮಾರಿದರು. ಚಿತ್ರದ ಕೆಳಗೆ ಡಾಗ್‌ವುಡ್ ಮರವನ್ನೇ ಹೆಸರಿಸಿ ಬರೆದ ಪದ್ಯವೊಂದನ್ನೂ ಸೇರಿಸಿದರು. ಆ ಮರದ ಕೊಂಬೆ ಬಿಳಿಯರ ಪ್ರಭುತ್ವಕ್ಕೆ ಲಾಂಛನವೆಂಬುದು ಆ ಪದ್ಯದ ಅಭಿಪ್ರಾಯ. ಅದೂ ಮರದಲ್ಲಿ ಒಂದು ಅರ್ಥವನ್ನು ಓದಿದ್ದೇ. ಅದೂ ಅಂಚೆಕಾರ್ಡಿನ ಮೇಲೆಯೇ ಅಚ್ಚಾದದ್ದು. ಅದನ್ನು ಕೊಂಡವರಲ್ಲಿ ಭಾನುವಾರ ಇಗರ್ಜಿಗೆ ಹೋಗಿ ಶಿಲುಬೆಯ ಮುಂದೆ ಮಂಡಿಯೂರುತ್ತಿದ್ದವರು ಇರಲಿಲ್ಲವೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಕರಿಯ ಜನಾಂಗದಲ್ಲಿಯೇ ಹುಟ್ಟಿ ಬೆಳೆದ ಧರ್ಮಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶಿಲುಬೆಯನ್ನೂ ನೇಣುಮರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಅಮೆರಿಕದಲ್ಲಿ ಯಾರಿಗೂ ಶಿಲುಬೆಯ ಅರ್ಥವಾಗದೆಂದು ವಾದಿಸಿದನು. ಡಾಗ್‌ವುಡ್ಡಿನ ಕಥೆಯನ್ನು ಕೇಳಿದಾಗಲೆಲ್ಲ ನನಗೆ ಆ ವಾದ ನೆನಪಾಗುತ್ತದೆ. ಇನ್ನು ಮುಂದೆ ಯಾರನ್ನೂ ತೂಗುಹಾಕಲಾರದಂತೆ ಮರವನ್ನು ಕುಗ್ಗಿಸಿದ ಕರುಣೆಯ ಕಥೆ, ಜನ ತೂಗುಹಾಕಲ್ಪಡುತ್ತಿದ್ದ ನಾಡಿನಲ್ಲಿಯೇ ಹಬ್ಬಿತಲ್ಲ ಎಂಬುದನ್ನು ಯೋಚಿಸಿದರೆ, ಆ ಕಥೆಯ ಒಳಗೆ ಯಾವುದೋ ಒಂದು ಒಪ್ಪಿಕೊಳ್ಳದ ಪಾಪಪ್ರಜ್ಞೆ ಅಡಗಿರಬಹುದೇ ಎಂದು ತೋರುತ್ತದೆ. ಇದು ನನ್ನ ಊಹೆ. ಊಹೆಯೆಂದೇ ಓದುಗರು ಸ್ವೀಕರಿಸಬೇಕು.

ಎರಡು ಓದುಗಳೂ ಆರೋಪಗಳೇ ಆಗಿರುವಾಗ ಒಂದನ್ನು ಪವಿತ್ರವೆಂದೂ ಇನ್ನೊಂದನ್ನು ಪಾಪವೆಂದೂ ಎಣಿಸಲು ಆಧಾರವೇನು? ಬರಿಯ ಸ್ಮರಣವೆಂದು ಹೇಳಿ ಕೈತೊಳೆದುಕೊಂಡರೆ ಆಧಾರ ದೊರೆಯುವುದಿಲ್ಲ, ಏಕೆಂದರೆ ದ್ವೇಷಕ್ಕೂ ಸ್ಮರಣೆಯುಂಟು. ಇಲ್ಲಿಯೇ ಆಚಾರ್ಯರ ಸಾರಥಿಯ ದೃಷ್ಟಾಂತ ಮತ್ತೆ ನಮ್ಮ ನೆರವಿಗೆ ಬರುತ್ತದೆ. ಅಲ್ಪವಾದ ಎಲೆಯೊಂದರ ಗಾಯದಲ್ಲಿ ಲೋಕದ ನೋವನ್ನು ಹೊತ್ತವನ ಗಾಯವನ್ನು ಕಾಣುವವನು ಕೆಳಗಿನದನ್ನು ಮೇಲಕ್ಕೆ ಏರಿಸುತ್ತಾನೆ. ಅದರಿಂದ ಎಲೆಗೂ ಕೇಡಿಲ್ಲ, ಯಾವ ಮನುಷ್ಯನಿಗೂ ಕೇಡಿಲ್ಲ. ದೇವರ ಪ್ರತಿರೂಪವೆಂದು ತನ್ನ ಧರ್ಮಗ್ರಂಥವೇ ಸಾರಿದ ಮನುಷ್ಯನನ್ನು ಕೊಂಬೆಯ ಆಭರಣವಾಗಿ ಕಂಡು, ಆ ಕೊಂಬೆಯನ್ನು ತನ್ನ ಜನಾಂಗದ ಧ್ವಜವಾಗಿ ಎತ್ತಿದವನು ರಾಜನನ್ನು ಸಾರಥಿಗಿಂತಲೂ ಕೀಳಾಗಿ ಎಳೆದುಹಾಕಿದನು. ಶಿಲುಬೆಯನ್ನು ಹೊತ್ತವನಿಗೆ ಗುರುತಾಗಬಹುದಾಗಿದ್ದ ಮರ ಅವನ ಕೈಯಲ್ಲಿ ಶಿಲುಬೆಗೇರಿಸಿದವರ ಗುರುತಾಯಿತು.

ಈ ಅಳತೆಗೋಲಿನ ಜೊತೆಗೆ ಇನ್ನೊಂದೂ ಬೇಕೆಂದು ನನ್ನ ಅಭಿಪ್ರಾಯ. ಪ್ರತೀಕವಾದ ವಸ್ತು ತನ್ನ ಸ್ವರೂಪವನ್ನು ಕಳೆದುಕೊಳ್ಳಬಾರದು. ಮಧ್ವಾಚಾರ್ಯರ ಅನುಯಾಯಿಗಳು ಪ್ರತಿಮೆಯೇ ದೇವರೆಂಬ ಭಾವನೆಯನ್ನು ದೋಷವೆಂದು ಬಗೆದು, ಪ್ರತಿಮೆಯಲ್ಲಿ ಸನ್ನಿಹಿತನಾದ, ಅದಕ್ಕಿಂತ ಭಿನ್ನನಾದ ಹರಿಯನ್ನು ಪೂಜಿಸತಕ್ಕದ್ದೆಂದು ವಿಧಿಸುವರು. ಶಾಸ್ತ್ರಾರ್ಥ ಹೇಗಾದರೂ ಇರಲಿ, ಆ ಭೇದದೃಷ್ಟಿಯಿಂದ ಆಗುವ ಒಂದು ಉಪಕಾರವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ: ಕಲ್ಲು ಕಲ್ಲಾಗಿ, ಮರ ಮರವಾಗಿ, ತನ್ನ ಪಾಡಿಗೆ ತಾನು ಇರಲು ಅದರಲ್ಲಿ ಎಡೆಯುಂಟು. ವರ್ಜೀನಿಯಾದ ಕಾಡುಗಳಲ್ಲಿ ಡಾಗ್‌ವುಡ್ ಅರಳುವ ವಾರಗಳಲ್ಲಿಯೇ ಅದರ ಪಕ್ಕದಲ್ಲಿ ರೆಡ್‌ಬಡ್ ಎಂಬ ಇನ್ನೊಂದು ಕಿರುಮರ ಗುಲಾಬಿಬಣ್ಣದ ಹೂಗಳನ್ನು ತೊಗಟೆಯಿಂದಲೇ ಚಿಮ್ಮಿಸುತ್ತದೆ. ಮೆಡಿಟರೇನಿಯನ್ ಸೀಮೆಯ ಅದರ ದಾಯಾದಿ ಮರಕ್ಕೆ, ಯೇಸುವನ್ನು ಹಿಡಿದುಕೊಟ್ಟ ಜುದಾಸನು ನೇಣುಹಾಕಿಕೊಂಡನೆಂದೂ, ಬಿಳಿಯಾಗಿದ್ದ ಹೂ ನಾಚಿಕೆಯಿಂದ ಕೆಂಪಾಯಿತೆಂದೂ ಒಂದು ಕಥೆ; ಆ ಕಳಂಕ ಇದಕ್ಕೂ ಅಂಟಿತು. ಒಂದು ಮರಕ್ಕೆ ವರ, ಇನ್ನೊಂದಕ್ಕೆ ಅಪವಾದ. ಎರಡೂ ಮರಗಳು ನಿರಪರಾಧಿಗಳು. ಡಾಗ್‌ವುಡ್ಡಿಗೆ ತಪ್ಪಿತಸ್ಥನ ದುಃಖವನ್ನು ಹೊರಿಸುವುದೂ ಒಂದು ಅನ್ಯಾಯವೇ. ಅದು ಕುಗ್ಗಿದ ಮರವೂ ಅಲ್ಲ, ಕೆಲಸಕ್ಕೆ ಬಾರದ ಮರವೂ ಅಲ್ಲ. ಅದರ ಮರ ಎಷ್ಟು ಗಟ್ಟಿಯೆಂದರೆ, ಉಜ್ಜಿದಷ್ಟೂ ನುಣುಪಾಗುವ ಗುಣದಿಂದ ಅದು ಗಿರಣಿಗಳ ಮಗ್ಗಗಳಿಗೆ ಲಾಳಿಯಾಗಿ ಬಹುಕಾಲ ದುಡಿಯಿತು. ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಸಂಸ್ಥಾನಗಳಿಗೆ ಕ್ವಿನೈನ್ ಬಾರದೆಹೋದಾಗ ಅದರ ತೊಗಟೆಯ ಕಷಾಯವನ್ನು ಚಳಿಜ್ವರಕ್ಕೆ ಕೊಟ್ಟರು. ಸುಣ್ಣದ ಅಂಶ ಹೇರಳವಾಗಿರುವ ಅದರ ಎಲೆ ಬೇಗನೆ ಕೊಳೆತು ಕಾಡಿನ ಮಣ್ಣನ್ನು ತಿದ್ದುತ್ತದೆ. ಕೊಬ್ಬಿನಿಂದ ಕೂಡಿದ ಅದರ ಹಣ್ಣು ವಲಸೆಹೊರಟ ಹಕ್ಕಿಗಳಿಗೆ ದಾರಿಯ ಬುತ್ತಿ. ಇದಿಷ್ಟನ್ನೂ ತಿಳಿದು ಅದರ ಹೂವಿನಲ್ಲಿ ಶಿಲುಬೆಯನ್ನು ಕಾಣುವವನ ಉಪಾಸನೆ, ಇದಾವುದನ್ನೂ ತಿಳಿಯದೆ ಕಾಣುವವನ ಉಪಾಸನೆಗಿಂತ ಮೇಲಾದುದೆಂದು ನಾನು ನಂಬುತ್ತೇನೆ. ಮೊಗ್ಗನ್ನು ಕಾಯುತ್ತ ತುದಿಯನ್ನು ಕಳೆದುಕೊಂಡ ಎಲೆಯ ವೃತ್ತಾಂತ ಮೊಳೆಯ ಕಥೆಗಿಂತ ಕಡಿಮೆ ಪವಿತ್ರವಲ್ಲ. ಕಾಯುವುದು, ಕಳೆದುಕೊಳ್ಳುವುದು ಎಂಬ ಮಾತುಗಳೂ ಮನುಷ್ಯನವೇ, ಅದನ್ನು ಬಲ್ಲೆ; ಆದರೆ ಅವು ಎಲೆಯ ಮೇಲೆ ನಡೆದುದಕ್ಕೆ ಅಂಟಿಕೊಂಡೇ ನಡೆಯುವ ಮಾತುಗಳು.

ಉಪಾಸನೆಯೆಂಬುದು ನೋಟದಲ್ಲಿ ಮುಗಿಯುವುದೂ ಅಲ್ಲ. ಬಳಿಯಲ್ಲಿ ಕುಳಿತು ಶುಶ್ರೂಷೆ ಮಾಡುವುದೂ ಅದರ ಒಂದು ಅಂಗ. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಈಶಾನ್ಯ ಭಾಗದಲ್ಲಿ ಡಾಗ್‌ವುಡ್ಡಿಗೆ ಒಂದು ಬಗೆಯ ಚಿಬ್ಬುರೋಗ ಹತ್ತಿತು. ಆ ಶಿಲೀಂಧ್ರ ಮೊದಲು ಎಲೆಯ ಮೇಲೆ ಕಂದುಚುಕ್ಕೆಯಾಗಿ ಕಾಣಿಸಿಕೊಂಡು, ರೆಂಬೆಗಳನ್ನು ಒಣಗಿಸುತ್ತ ಕಾಂಡಕ್ಕೆ ಇಳಿದು ಮರವನ್ನೇ ಕೊಲ್ಲುತ್ತದೆ. ತಂಪು, ತೇವ, ನೆರಳು ಇರುವ ಬೆಟ್ಟದ ಕಾಡುಗಳಲ್ಲಿ ಅದರ ಹಾವಳಿ ಹೆಚ್ಚು. ಮೇರಿಲೆಂಡಿನ ಕಟಾ‌ಕ್ಟಿನ್ ಬೆಟ್ಟದ ಉದ್ಯಾನದಲ್ಲಿ ಕೆಲವೇ ವರ್ಷಗಳಲ್ಲಿ ಬಹುಪಾಲು ಡಾಗ್‌ವುಡ್‌ಗಳು ಸತ್ತುಹೋದುವು. ತೋಟಗಾರರು ರೋಗಕ್ಕೆ ಅಷ್ಟಾಗಿ ಈಡಾಗದ ಕೌಸಾವನ್ನು ನೆಡತೊಡಗಿದರು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಎಲ್ವಿನ್ ಆರ್ಟನ್ ಎರಡು ಜಾತಿಗಳನ್ನೂ ಸಂಕರಗೊಳಿಸಿ ಹೊಸ ತಳಿಗಳನ್ನು ಪಡೆದನು. ಕೌಸಾ ಅರಳುವುದು ಸುಮಾರು ಒಂದು ತಿಂಗಳು ತಡವಾಗಿ, ಎಲೆ ಬಿಟ್ಟ ಮೇಲೆ, ಈಸ್ಟರ್ ಕಳೆದ ಬಳಿಕ. ಅದರಲ್ಲಿ ಗಾಯದ ಗುರುತು ಇಲ್ಲ. ಆ ಮರಗಳೇ ತುಂಬಿದ ಬೀದಿಗಳಲ್ಲಿ ಬೆಳೆಯುವ ಮಕ್ಕಳಿಗೆ ಅಜ್ಜಿ ಈ ಕಥೆಯನ್ನು ಹೇಳಿದರೂ ತೋರಿಸಲು ಹೂ ಇರದು.

ಬಹುಪಾಲು ಮರಗಳು ಸತ್ತ ಆ ಕಟಾಕ್ಟಿನ್ ಬೆಟ್ಟದಲ್ಲಿಯೇ ರೋಗ ತಾಗದೆ ನಿಂತಿದ್ದ ಮರವೊಂದು ಸಂಶೋಧಕರಿಗೆ ಸಿಕ್ಕಿತು. ಟೆನೆಸೀ ವಿಶ್ವವಿದ್ಯಾಲಯದವರು ಅದರಿಂದ ಕಣ್ಣುಕಸಿ ಮಾಡಿ ಗಿಡಗಳನ್ನು ಬೆಳೆಸಿ, ‘ಅಪಲೇಚಿಯನ್ ಸ್ಪ್ರಿಂಗ್’ ಎಂಬ ತಳಿಯಾಗಿ ತೋಟಗಳಿಗೆ ಕೊಟ್ಟಿದ್ದಾರೆ; ಕಚ್ಚಿರುವ ನಾಲ್ಕು ಎಲೆಗಳು ಅದರಲ್ಲಿ ಹಾಗೆಯೇ ಉಂಟು. ಅಂಥ ಗಿಡವನ್ನು ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ ಕಡೆಯಲ್ಲಿ ನೆಡಬೇಕು. ಬೇರು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡಕ್ಕೆ ಎಲೆಗೊಬ್ಬರವನ್ನು ಹಾಸಬೇಕು. ಬೇಸಗೆಯಲ್ಲಿ ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರೆರೆಯಬೇಕು. ಒಣಗಿದ ರೆಂಬೆಯನ್ನು ಕತ್ತರಿಸಿ ಬಿದ್ದ ಎಲೆಯೊಂದಿಗೆ ದೂರಕ್ಕೆ ಒಯ್ಯಬೇಕು. ಹುಲ್ಲು ಕತ್ತರಿಸುವ ಯಂತ್ರ ತೊಗಟೆಗೆ ತಾಗದಂತೆ ನೋಡಿಕೊಳ್ಳಬೇಕು, ಆ ಗಾಯದ ಮೂಲಕ ಕೊರೆಯುವ ಹುಳು ಕಾಂಡವನ್ನು ಹೊಗುತ್ತದೆ.